ದೇಶ ಸುತ್ತುವವರು ಮತ್ತು ಎರಡು ಕೋಶಗಳು

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಈ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗ ‘ಕೋಶವೆಂದರೆ ಇಲ್ಲಿ ಗ್ರಂಥ’ ಎಂದು ಹೇಳಿ ಮುಂದೆ ಸಾಗುವುದು ನನ್ನ ವಾಡಿಕೆ. ಈಚೆಗೊಂದು ದಿನ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಕೋಶವೆಂದರೆ ಬೊಕ್ಕಸವೂ ಹೌದಲ್ಲವೆ ಸಾರ್? ನಮ್ಮ ಶಾಸಕರು ದೇಶ ಸುತ್ತುವುದು ಆ ಕೋಶದ ಬಲದಿಂದಲೇ ಅಲ್ಲವೆ?” ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಪ್ರಶ್ನೆ ನಗುವಿನೊಡನೆ ಮುಗಿಯಲಿಲ್ಲ.

ಶಾಸನಸಭೆಯ ಸಮಿತಿಗಳ ಅಧ್ಯಯನ ಪ್ರವಾಸವೆಂದೊಡನೆ ನಮ್ಮಲ್ಲಿ ಮೊದಲು ಹುಟ್ಟುವುದು ಸಂಶಯ. ಅದಕ್ಕೆ ಕಾರಣವಿಲ್ಲದೆಯೂ ಇಲ್ಲ. 2012ರಲ್ಲಿ ನಾಡು ಬರಗಾಲದ ಬೇಗೆಯಲ್ಲಿದ್ದಾಗ ನಮ್ಮ ಶಾಸಕರ ತಂಡವೊಂದು ದಕ್ಷಿಣ ಅಮೆರಿಕದ ಅಧ್ಯಯನ ಪ್ರವಾಸಕ್ಕೆ ಹೊರಟು ಎಲ್ಲೆಡೆ ಟೀಕೆಗೆ ಗುರಿಯಾದುದನ್ನು ಜನ ಮರೆತಿಲ್ಲ. ಇಲ್ಲಿ ದನಕರುಗಳಿಗೆ ಮೇವಿಲ್ಲದಿರುವಾಗ ಅಲ್ಲಿ ಅಧ್ಯಯನವೆಂಥದು ಎಂದು ಕೇಳಿದವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಒಂದು ಪ್ರವಾಸದ ಅನೌಚಿತ್ಯದಿಂದ ಪ್ರವಾಸಮಾತ್ರವೇ ಅನುಚಿತವೆಂದು ತೀರ್ಮಾನಿಸುವುದು ತರ್ಕವಲ್ಲ. ಸಮಿತಿಯೊಂದು ನಾಡಿನ ಮಣ್ಣಿನ ಆರೋಗ್ಯವನ್ನು ಅರಿಯಲು ಹೊರಡಬೇಕೆಂದು ಹಣ ಕೇಳಿತೆನ್ನೋಣ. ಕೊಡಬೇಕೆ, ಬೇಡವೆ? ಕೊಡುವುದಾದರೆ ಯಾರು ಕೊಡಬೇಕು, ಏನನ್ನು ಹಿಂದಕ್ಕೆ ಕೇಳಬೇಕು?

ಮಣ್ಣಿನ ಪರೀಕ್ಷೆ ಈಗ ಹೊಸ ಮಾತಲ್ಲ. 2009ರಲ್ಲಿ ಕರ್ನಾಟಕ ಸರ್ಕಾರವು ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ‘ಭೂಚೇತನ’ವನ್ನು ಆರಂಭಿಸಿದಾಗ, ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್‌ಗಳ ಕೊರತೆ ಎಷ್ಟು ವ್ಯಾಪಕವೆಂಬುದು ತಿಳಿದುಬಂದಿತು. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಚೀಟಿ ಯೋಜನೆಗೆ ಚಾಲನೆ ದೊರೆಯಿತು. ಸಾರಜನಕ, ರಂಜಕ, ಪೊಟ್ಯಾಷ್ ಮೊದಲ್ಗೊಂಡು ಹುಳಿ-ಕ್ಷಾರಗಳ ಪ್ರಮಾಣದವರೆಗೆ 12 ಅಂಶಗಳನ್ನು ಆ ಚೀಟಿ ತಿಳಿಸುತ್ತದೆ. ಇದು ಒಳ್ಳೆಯ ಕೆಲಸವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಚೀಟಿಗೆ ಅದರದೇ ಆದ ಮಿತಿಯುಂಟು. ಯೋಜನೆಯ ಆರಂಭದ ನಿಯಮದಂತೆ ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು ಮಣ್ಣಿನ ಮಾದರಿ ಸಾಕು. ನಮ್ಮ ರೈತನ ಹಿಡುವಳಿಯಾದರೋ ಸರಾಸರಿ ಒಂದೂವರೆ ಹೆಕ್ಟೇರನ್ನೂ ಮುಟ್ಟದು. ಎಂದರೆ ಒಂದು ಹಿಡಿ ಮಣ್ಣು ಆರೇಳು ಸಂಸಾರಗಳ ಪರವಾಗಿ ಸಾಕ್ಷಿ ನುಡಿಯಬೇಕಾಗುತ್ತದೆ. ಒಂದೇ ಇಳಿಜಾರಿನ ಮೇಲುಹೊಲಕ್ಕೂ ಕೆಳಹೊಲಕ್ಕೂ ಎಷ್ಟು ಅಂತರವೆಂಬುದನ್ನು ನೇಗಿಲು ಹಿಡಿದವನಿಗೆ ಹೇಳಿಕೊಡಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಕಾಲುವೆಯ ನೀರು ಹೆಚ್ಚಾಗಿ ಹರಿದು, ಬಸಿದು ಹೋಗಲು ದಾರಿಯಿಲ್ಲದೆ ನಿಂತರೆ, ನೆಲದೊಳಗಿನ ಲವಣ ನೀರಿನೊಡನೆ ಮೇಲಕ್ಕೇರುತ್ತದೆ. ನೀರು ಆರಿದ ಮೇಲೆ ಬೂದಿ ಚೆಲ್ಲಿದಂತೆ ಬಿಳಿಯ ಪೊರೆಯಾಗಿ ಉಳಿಯುತ್ತದೆ. ತುಂಗಭದ್ರೆ ಮತ್ತು ಕೃಷ್ಣೆಯ ಅಚ್ಚುಕಟ್ಟಿನ ಜನ ಇದನ್ನು ‘ಸವಳು-ಜವಳು’ ಎಂದು ಜೋಡಿಮಾತಿನಲ್ಲಿ ಕರೆಯುತ್ತಾರೆ. ಇದಕ್ಕೆ ಮದ್ದು ಗೊಬ್ಬರದ ಅಂಗಡಿಯಲ್ಲಿಲ್ಲ, ಬಸಿಗಾಲುವೆಯಲ್ಲಿದೆ. ಬಸಿಗಾಲುವೆ ನೀರಾವರಿ ಇಲಾಖೆಗೆ ಸೇರಿದ್ದು. ಮಣ್ಣಿನ ಚೀಟಿ ಕೃಷಿ ಇಲಾಖೆಗೆ. ಯೂರಿಯಾದ ಬೆಲೆ ಗೊತ್ತಾಗುವುದು ದೆಹಲಿಯಲ್ಲಿ. 2010ರಿಂದ ರಂಜಕ, ಪೊಟ್ಯಾಷ್ ಗೊಬ್ಬರಗಳಿಗೆ ಒಂದು ಬಗೆಯ ಸಹಾಯಧನ, ಯೂರಿಯಾಕ್ಕೆ ಇನ್ನೊಂದು ಬಗೆ. ಆದುದರಿಂದ ಅಗ್ಗವಾದುದನ್ನು ರೈತ ಹೆಚ್ಚಾಗಿ ಸುರಿಯುವುದು ಸಹಜ. ಮಣ್ಣಿಗೆ ಇಲಾಖೆಗಳ ಗಡಿ ತಿಳಿಯದು. ಇಲಾಖೆಗಳಾದರೋ ಗಡಿಯನ್ನು ದಾಟಲಾರವು. ಎಲ್ಲ ಇಲಾಖೆಗಳನ್ನೂ ಒಟ್ಟಿಗೆ ಕೂರಿಸಿ ಪ್ರಶ್ನಿಸುವ ಅಧಿಕಾರವುಳ್ಳದ್ದು ಶಾಸನಸಭೆಯೊಂದೇ. ಸಮಿತಿಯು ಹೊಲದ ಬದುವಿನ ಮೇಲೆ ಹೋಗಿ ನಿಲ್ಲಬೇಕಾದುದು ಇದಕ್ಕಾಗಿ. ತಜ್ಞನು ಕಾಣಲಾರದ್ದನ್ನು ಶಾಸಕನು ಕಾಣುವನೆಂದಲ್ಲ. ತಜ್ಞನು ಕಂಡು ಬರೆದಿಟ್ಟುದನ್ನು ಆಗಮಾಡಿಸುವ ಶಕ್ತಿ ಅವನಲ್ಲಿದೆಯೆಂದು.

ಮೈಸೂರಿನವರಾದ ನಮಗೆ ಇದರ ಹಿನ್ನೆಲೆ ಅಪರಿಚಿತವಾಗಬಾರದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿದ್ದು ಈ ನಗರದಲ್ಲಿಯೇ. ಸಂಸ್ಥಾನದ ನಾನಾ ಕಡೆಗಳಿಂದ ಬಂದ ರೈತರೂ ವರ್ತಕರೂ ಸೇರಿ 144 ಮಂದಿ ಸದಸ್ಯರು. ಅಂದು ಪ್ರಯಾಣದ ದಿಕ್ಕು ಹಳ್ಳಿಯಿಂದ ರಾಜಧಾನಿಗೆ. ನೆಲದ ಸುದ್ದಿಯನ್ನು ನೆಲದವರೇ ಹೊತ್ತು ತಂದರು. ಮುಂದೆ 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ನೆಲವನ್ನು ಕೃಷಿ ಪ್ರಯೋಗಕ್ಕಾಗಿ ಕೊಟ್ಟರು. ಮಣ್ಣು ಮತ್ತು ಬೆಳೆಗಳ ಸಂಬಂಧವನ್ನು ಶೋಧಿಸಲು ಡಾಕ್ಟರ್ ಲೆಹಮನ್ ಎಂಬ ವಿಜ್ಞಾನಿಯನ್ನು ಸಂಸ್ಥಾನವು ಕರೆಸಿಕೊಂಡಿತು. ಆಗಲೂ ಖರ್ಚಾದುದು ಪ್ರಜೆಗಳ ಹಣವೇ. ಆದರೆ ಬಲ್ಲವನು ಇಲ್ಲಿಗೆ ಬಂದ, ಇಲ್ಲಿಯ ಮಣ್ಣನ್ನು ಪರೀಕ್ಷಿಸಿದ. ಆ ನೆಲದಲ್ಲಿ ಬೇರೂರಿದ ವಿದ್ಯೆ ಇಂದು ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆದುನಿಂತಿದೆ.

ಅಮೆರಿಕ ದೇಶದ ಒಂದು ನಿದರ್ಶನ ಇದಕ್ಕೂ ವಿಚಿತ್ರವಾದುದು. 1930ರ ದಶಕದಲ್ಲಿ ಅಲ್ಲಿಯ ನಡುನಾಡಿನ ಬಯಲುಗಳಲ್ಲಿ ಹುಲ್ಲುಗಾವಲನ್ನು ಅಗೆದು ಉತ್ತು, ಮಳೆ ಕೈಕೊಟ್ಟಾಗ ಮೇಲ್ಮಣ್ಣು ಗಾಳಿಗೆ ಹಾರಿಹೋಯಿತು. ಹ್ಯೂ ಬೆನೆಟ್ ಎಂಬ ಮಣ್ಣಿನ ತಜ್ಞ 1935ರಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿಯುತ್ತಿದ್ದಾಗ, ಆ ಧೂಳಿನ ಮೋಡ ರಾಜಧಾನಿಯ ಆಕಾಶವನ್ನೇ ಕವಿಯಿತೆಂದು ಕಥೆಯಿದೆ. ಆ ವರ್ಷದ ಏಪ್ರಿಲ್ 27ರಂದು ಮಣ್ಣಿನ ಸಂರಕ್ಷಣೆಯ ಕಾಯಿದೆ ಜಾರಿಗೆ ಬಂದಿತು. ಅಲ್ಲಿ ಸಮಿತಿ ಮಣ್ಣನ್ನು ನೋಡಲು ಹೋಗಲಿಲ್ಲ; ಮಣ್ಣೇ ಸಮಿತಿಯನ್ನು ಹುಡುಕಿಕೊಂಡು ಬಂದಿತು. ಅಷ್ಟರವರೆಗೆ ಕಾಯುವ ಸ್ಥಿತಿ ನಮಗೆ ಬರಬಾರದು.

ಆದುದರಿಂದ ಹಣ ಕೊಡಬೇಕೆಂಬುದೇ ನನ್ನ ಅಭಿಪ್ರಾಯ. ಅದನ್ನು ಬೊಕ್ಕಸವೇ ಕೊಡಬೇಕು, ಬಹಿರಂಗವಾಗಿ ಕೊಡಬೇಕು. ಸಾರ್ವಜನಿಕರ ಹಣ ಉಳಿಯಲೆಂದು ಯಾರಾದರೂ ಉದಾರಿಗಳು, ಗೊಬ್ಬರವನ್ನೋ ಯಂತ್ರವನ್ನೋ ಮಾರುವವರು, ಆತಿಥ್ಯ ನೀಡಲು ಮುಂದೆ ಬಂದರೆ ಅದು ಮೇಲುನೋಟಕ್ಕೆ ಮಿತವ್ಯಯ, ನಿಜವಾಗಿ ದುಬಾರಿ. ಉಂಡ ಮನೆಯ ಜಂತೆ ಎಣಿಸಬಾರದೆಂಬುದು ಸಂಭಾವಿತರ ಧರ್ಮ. ಜಂತೆ ಎಣಿಸುವುದೇ ಶಾಸನ ಸಮಿತಿಯ ಧರ್ಮ. ಎರಡನ್ನೂ ಒಬ್ಬನೇ ಪಾಲಿಸಲಾರ. ಪ್ರಜೆಗಳ ಅನ್ನವನ್ನುಂಡವನು ಪ್ರಜೆಗಳಿಗೆ ಋಣಿ. ಶಾಸಕರ ವೇತನ ಭತ್ಯಗಳನ್ನು ಕಾನೂನಿನ ಮೂಲಕ ಗೊತ್ತುಪಡಿಸಬೇಕೆಂದು ಸಂವಿಧಾನದ 195ನೆಯ ಅನುಚ್ಛೇದ ಹೇಳಿರುವುದರ, ಅದಕ್ಕಾಗಿ ನಮ್ಮಲ್ಲಿ 1956ರ ಕಾಯಿದೆಯೊಂದು ಇರುವುದರ ಹಿಂದಿನ ತತ್ತ್ವವೂ ಇದೇ.

ಆದರೆ ಋಣವೆಂದ ಮೇಲೆ ತೀರಿಸುವ ಬಗೆಯೂ ಗೊತ್ತಾಗಬೇಕು. ಇಲ್ಲಿ ಗಾದೆಯ ಇನ್ನೊಂದು ಕೋಶ ನೆನಪಾಗುತ್ತದೆ. ಸುತ್ತುವ ಮೊದಲು ಓದಬೇಕು: ಸುಜಲ ಯೋಜನೆಯಲ್ಲಿ ಕಿರು ಜಲಾನಯನಗಳ ಮಟ್ಟದಲ್ಲಿ ಸಿದ್ಧವಾದ ಭೂಸಂಪನ್ಮೂಲದ ವಿವರಗಳು ನಮ್ಮಲ್ಲಿಯೇ ಇವೆ, ಸವಳು ನೆಲದ ಬಗೆಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಹುಕಾಲದ ಅಭ್ಯಾಸವಿದೆ. ಗಂಗಾವತಿಯನ್ನು ನೋಡದವರು ಸಮುದ್ರ ದಾಟುವುದು ಬೇಡ. ಸುತ್ತಿ ಬಂದ ಮೇಲೆ ಬರೆಯಬೇಕು: ಎಲ್ಲಿಗೆ ಹೋದೆವು, ಏನು ಖರ್ಚಾಯಿತು, ಯಾವ ರೈತ ಏನೆಂದ, ಯಾವ ಇಲಾಖೆ ಯಾವ ದಿನದೊಳಗೆ ಏನು ಮಾಡಬೇಕು ಎಂಬುದು ರೈತನಿಗೆ ಓದಲು ಬರುವ ಕನ್ನಡದಲ್ಲಿ ಇರಬೇಕು. ಆ ವರದಿ ಮುಂದಿನ ಅಧಿವೇಶನದಲ್ಲಿಯೇ ಸದನದ ಮುಂದೆ ಬರಬೇಕು, ಚರ್ಚೆಯಾಗಬೇಕು; ವರ್ಷ ತುಂಬಿದಾಗ ಆದುದೆಷ್ಟು, ಆಗದುದೆಷ್ಟು ಎಂದು ಸಮಿತಿಯೇ ಮತ್ತೆ ಕೇಳಬೇಕು. ಇಷ್ಟಕ್ಕೆ ಒಪ್ಪುವ ಸಮಿತಿಗೆ ಪ್ರಯಾಣದ ಹಣವನ್ನು ಕೊಡಲು ಯಾವ ಪ್ರಜೆಯೂ ಜಿಪುಣತನ ತೋರಿಸನು. ಒಪ್ಪದ ಸಮಿತಿ ಬೆಂಗಳೂರಿನಲ್ಲೇ ಕುಳಿತಿರುವುದು ಲೇಸು.

ತರಗತಿ ಮುಗಿದ ಮೇಲೆ ಆ ವಿದ್ಯಾರ್ಥಿಯನ್ನು ಕರೆದು ವಿಚಾರಿಸಿದೆ. ಮಂಡ್ಯದ ಕಡೆಯ ರೈತರ ಮನೆಯ ಹುಡುಗ. ಅವರ ಮನೆಗೂ ಮಣ್ಣಿನ ಚೀಟಿ ಬಂದಿದೆಯಂತೆ. ಗೋಡೆಯ ಮೊಳೆಗೆ ಸಿಕ್ಕಿಸಿದ್ದಾರಂತೆ.

“ನಿಮ್ಮ ತಂದೆಯವರು ಅದನ್ನು ಓದಿದರೇನಪ್ಪಾ?” ಎಂದೆ.

“ಓದಿದ್ದಾರೆ ಸಾರ್, ಎರಡು ಸಲ ಓದಿದ್ದಾರೆ. ಆದರೆ ಕೆಳಗದ್ದೆಯಲ್ಲಿ ನೀರು ನಿಂತಿದೆ. ಅದಕ್ಕೇನು ಮಾಡಬೇಕೆಂದು ಚೀಟಿಯಲ್ಲಿ ಬರೆದಿಲ್ಲ” ಎಂದ.

ಸಮಿತಿಯ ಮೊದಲ ಪ್ರಯಾಣಕ್ಕೆ ಆ ಗದ್ದೆಗಿಂತ ದೂರದ ಊರನ್ನು ಹುಡುಕಬೇಕಾಗಿಲ್ಲ. ಮೈಸೂರಿನಿಂದ ಅಲ್ಲಿಗೆ ಬಸ್ಸಿನ ಸೌಕರ್ಯವೂ ಇದೆ.