ತರಗತಿಯಲ್ಲಿ ಪಿಸ್ತೂಲು: ರಕ್ಷಣೆಯೋ, ಪ್ರಮಾದವೋ?

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 2016ರ ಆಗಸ್ಟ್ 1ರಂದು ಒಂದು ಕಾಯಿದೆ ಜಾರಿಗೆ ಬಂದಿತು. ಪರವಾನಗಿ ಪಡೆದವರು ಸರಕಾರಿ ವಿಶ್ವವಿದ್ಯಾಲಯಗಳ ಆವರಣದೊಳಕ್ಕೆ, ತರಗತಿಯ ಕೋಣೆಗೂ ಸಹ, ಪಿಸ್ತೂಲನ್ನು ಉಡುಪಿನ ಮರೆಯಲ್ಲಿರಿಸಿಕೊಂಡು ಹೋಗಬಹುದೆಂಬುದು ಅದರ ಸಾರ. ಸರಿಯಾಗಿ ಐವತ್ತು ವರ್ಷಗಳ ಹಿಂದೆ, 1966ರ ಅದೇ ದಿನ, ಆಸ್ಟಿನ್ ನಗರದ ವಿಶ್ವವಿದ್ಯಾಲಯದ ಗೋಪುರವನ್ನೇರಿದ ಮಾಜಿ ಸೈನಿಕನೊಬ್ಬನು ಕೆಳಗೆ ನಡೆದಾಡುತ್ತಿದ್ದವರನ್ನು ಗುಂಡಿಟ್ಟು ಕೊಂದಿದ್ದನು. ಶೋಕದ ಸ್ಮರಣೆಯ ದಿನದಂದೇ ಶಸ್ತ್ರಕ್ಕೆ ಬಾಗಿಲು ತೆರೆದುದು ಕಾಕತಾಳೀಯವಿರಬಹುದು. ಆದರೂ ವಿವೇಕಿಗಳ ಮನಸ್ಸನ್ನು ಅದು ಚುಚ್ಚದೆ ಇರದು.

ಟೆಕ್ಸಸ್ ಇದರಲ್ಲಿ ಒಂಟಿಯಲ್ಲ. ಯೂಟಾ ರಾಜ್ಯದ ವಿಶ್ವವಿದ್ಯಾಲಯವು ತನ್ನ ಶಸ್ತ್ರನಿಷೇಧವನ್ನು ಉಳಿಸಿಕೊಳ್ಳಲು ಹೋರಾಡಿ, 2006ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತಿತು. ಐಡಾಹೊದಲ್ಲಿ 2014ರಲ್ಲಿ, ಕಾನ್ಸಾಸ್ ಮತ್ತು ಜಾರ್ಜಿಯಗಳಲ್ಲಿ 2017ರಲ್ಲಿ, ಪಶ್ಚಿಮ ವರ್ಜೀನಿಯದಲ್ಲಿ 2024ರಲ್ಲಿ ಇಂತಹ ಕಾಯಿದೆಗಳು ಜಾರಿಯಾದವು. ಕನ್ನಡ ನಾಡಿನ ಎಷ್ಟೋ ಮನೆಗಳ ಮಕ್ಕಳು ಈ ರಾಜ್ಯಗಳಲ್ಲಿ ಓದುತ್ತಿರುವುದರಿಂದ ಇದು ದೂರದೇಶದ ಜಗಳವೆಂದು ಕೈಬಿಡುವಂತಹ ವಿಷಯವಲ್ಲ.

ಕಾಯಿದೆಯ ಪರವಾಗಿರುವವರ ವಾದವನ್ನು ಮೊದಲು ನ್ಯಾಯವಾಗಿ ಕೇಳಬೇಕು. 2007ರ ಏಪ್ರಿಲ್ 16ರಂದು ವರ್ಜೀನಿಯ ಟೆಕ್ ಸಂಸ್ಥೆಯಲ್ಲಿ ಒಬ್ಬ ವಿದ್ಯಾರ್ಥಿಯು 32 ಮಂದಿಯನ್ನು ಕೊಂದನು. ಸತ್ತವರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ಪ್ರಾಧ್ಯಾಪಕ ಜಿ. ವಿ. ಲೋಗನಾಥನ್ ಅವರೂ ಇದ್ದರು. ಆ ಆವರಣದಲ್ಲಿ ಶಸ್ತ್ರ ನಿಷಿದ್ಧವಾಗಿತ್ತು. ನಿಷೇಧವು ಕೊಲೆಗಾರನನ್ನು ತಡೆಯಲಿಲ್ಲ. ಸಜ್ಜನರ ಕೈಗಳನ್ನು ಮಾತ್ರ ಬರಿದಾಗಿಸಿತು ಎಂಬುದು ಅವರ ಮಾತು. ಇದು ನಕ್ಕು ತಳ್ಳುವಂತಹ ವಾದವಲ್ಲ. ಗೃಹಸ್ಥ ಶ್ರಾವಕನು ಸಂಕಲ್ಪೀ ಹಿಂಸೆಯನ್ನು ತೊರೆಯಬೇಕೆನ್ನುವ ಧರ್ಮವು, ಆತ್ಮರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧೀ ಹಿಂಸೆಯನ್ನು ಅದರೊಡನೆ ಸಮಗೊಳಿಸಿಲ್ಲ. ಆದುದರಿಂದ ಆತ್ಮರಕ್ಷಣೆ ಸಲ್ಲದೆಂದು ಇಲ್ಲಿ ಹೇಳಬೇಕಾಗಿಲ್ಲ. ಈ ಕಾಯಿದೆ ನಿಜವಾಗಿಯೂ ರಕ್ಷಿಸುವುದೇ ಎಂಬುದೇ ಪ್ರಶ್ನೆ.

ಅನುಭವವು ಹೇಳುವುದು ಬೇರೆ. 2015ರ ಅಕ್ಟೋಬರಿನಲ್ಲಿ ಆರಿಗನ್ ರಾಜ್ಯದ ಅಂಪ್ಕ್ವಾ ಕಾಲೇಜಿನಲ್ಲಿ 9 ಮಂದಿ ಹತರಾದರು. ಪರವಾನಗಿಯುಳ್ಳ, ಶಸ್ತ್ರ ಹೊಂದಿದ್ದ ಮಾಜಿ ಸೈನಿಕನೊಬ್ಬನು ಅಂದು ಆ ಆವರಣದಲ್ಲೇ ಇದ್ದನು. ಪೊಲೀಸರು ತನ್ನನ್ನೇ ಕೊಲೆಗಾರನೆಂದು ತಿಳಿದಾರೆಂದು ಅವನು ಹೊರಬರಲಿಲ್ಲ. ಅವನು ಮಾಡಿದ್ದು ವಿವೇಕವೇ. ಆದರೆ ಆ ವಿವೇಕವೇ ಕಾಯಿದೆಯ ಆಧಾರವನ್ನು ಅಲುಗಿಸುತ್ತದೆ. ಟೆಕ್ಸಸ್ ವಿಶ್ವವಿದ್ಯಾಲಯ ವ್ಯವಸ್ಥೆಯ ಕುಲಾಧಿಪತಿಯಾಗಿದ್ದ ವಿಲಿಯಂ ಮೆಕ್‌ರೇವನ್ ನಿವೃತ್ತ ನೌಕಾ ಸೇನಾನಿ. ಒಸಾಮಾ ಬಿನ್ ಲಾಡೆನ್ ಮೇಲಿನ ಕಾರ್ಯಾಚರಣೆಯನ್ನು ನಡೆಸಿದವರು. ಆಯುಧದ ಗುಣದೋಷಗಳನ್ನು ಬಲ್ಲ ಅವರೇ ಈ ಕಾಯಿದೆಯನ್ನು ವಿರೋಧಿಸಿದರು. ಹೊರಗುಳಿಯುವ ಸ್ವಾತಂತ್ರ್ಯವಿದ್ದ ಖಾಸಗಿ ವಿಶ್ವವಿದ್ಯಾಲಯಗಳು ಬಹುತೇಕ ಎಲ್ಲವೂ ಹೊರಗುಳಿದವು. ಆಯ್ಕೆ ಇದ್ದವರು ಬೇಡವೆಂದರು. ಆಯ್ಕೆ ಇಲ್ಲದವರ ಮೇಲೆ ಅದನ್ನು ಹೇರಲಾಯಿತು.

ಇನ್ನು ನಷ್ಟದ ಲೆಕ್ಕ. ಐಡಾಹೊದಲ್ಲಿ ಕಾಯಿದೆ ಬಂದ 2014ರಲ್ಲಿಯೇ ಅಧ್ಯಾಪಕನೊಬ್ಬನ ಜೇಬಿನ ಪಿಸ್ತೂಲು ತುಂಬಿದ ತರಗತಿಯಲ್ಲಿ ಸಿಡಿದು ಅವನ ಪಾದಕ್ಕೇ ಗಾಯವಾಯಿತು. ಗುಂಡು ಒಂದೆರಡು ಮಾರು ಅತ್ತ ಹಾರಿದ್ದರೆ? ಹಿಂಸೆಯ ಮೂಲದಲ್ಲಿ ಪ್ರಮಾದವನ್ನು ಕಂಡ ಆಚಾರ್ಯರು ಹಿಂಸೆಯ ಸಾಧನಗಳನ್ನು ಇತರರಿಗೆ ಒದಗಿಸುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿದುದು ಸುಮ್ಮನೆ ಅಲ್ಲ. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಪರೀಕ್ಷೆಯ ಸೋಲು, ಒಂಟಿತನ, ಪ್ರೇಮಭಂಗ ಇವುಗಳ ನಡುವೆ ತೊಳಲುವ ತರುಣನ ಕೈಗೆಟಕುವಂತೆ ಪಿಸ್ತೂಲಿರುವುದು ಅವನ ರಕ್ಷಣೆಯೆ?

ಎಲ್ಲಕ್ಕಿಂತ ದೊಡ್ಡ ನಷ್ಟ ವಿದ್ಯೆಯದು. 2016ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಅಧ್ಯಾಪಕರ ಸಭೆಯೊಂದರಲ್ಲಿ ಕೆಲವು ಸಲಹೆಗಳನ್ನು ಮುಂದಿಡಲಾಯಿತು: ಸೂಕ್ಷ್ಮ ವಿಷಯಗಳ ಚರ್ಚೆಯಲ್ಲಿ ಎಚ್ಚರವಿರಬೇಕು, ಕೆಲವು ವಿಷಯಗಳನ್ನು ಪಾಠದಿಂದಲೇ ಬಿಡಬಹುದು, ವಿದ್ಯಾರ್ಥಿ ಕೆರಳಿದಂತೆ ಕಂಡರೆ ಮುಂದುವರಿಯಬಾರದು. ಆಸ್ಟಿನ್‌ನ ಮೂವರು ಪ್ರಾಧ್ಯಾಪಕಿಯರು ಇದೇ ಭಯವನ್ನು ನ್ಯಾಯಾಲಯದ ಮುಂದಿಟ್ಟರೂ 2018ರಲ್ಲಿ ಅವರ ದಾವೆ ಬಿದ್ದುಹೋಯಿತು. ವಸ್ತುವನ್ನು ಹಲವು ಕಡೆಗಳಿಂದ ನೋಡು, ಎದುರಾಳಿಯ ಮಾತಿನಲ್ಲಿಯೂ ಸತ್ಯದ ಅಂಶವಿರಬಹುದು ಎನ್ನುವುದು ಅನೇಕಾಂತ. ಜೇಬುಗಳಲ್ಲಿ ಗುಂಡು ಅಡಗಿರುವಲ್ಲಿ ಉಳಿಯುವುದು ಒಂದೇ ನಯ: ಶಸ್ತ್ರವುಳ್ಳವನದು.

ಇದು ಸಂವಿಧಾನದತ್ತ ಹಕ್ಕು ಎನ್ನುವವರು, ಆ ಹಕ್ಕನ್ನು ವ್ಯಕ್ತಿಗತವೆಂದು ಸಾರಿದ 2008ರ ಸರ್ವೋಚ್ಚ ನ್ಯಾಯಾಲಯದ ತೀರ್ಪೇ ಶಾಲೆಗಳಂತಹ ಸೂಕ್ಷ್ಮ ಸ್ಥಳಗಳಲ್ಲಿನ ನಿಷೇಧವನ್ನು ತಾನು ಸಂದೇಹಿಸುವುದಿಲ್ಲವೆಂದುದನ್ನು ಮರೆಯಬಾರದು.

ವರ್ಜೀನಿಯ ಟೆಕ್‌ನಲ್ಲಿ ಅಂದು ಮಡಿದ ಇನ್ನೊಬ್ಬ ಪ್ರಾಧ್ಯಾಪಕ ಲಿವಿಯು ಲಿಬ್ರೆಸ್ಕು. ಯೆಹೂದ್ಯರ ನರಮೇಧವನ್ನು ದಾಟಿ ಬದುಕಿದ ಆ 76ರ ವೃದ್ಧರು ತರಗತಿಯ ಬಾಗಿಲಿಗೆ ಮೈಯೊಡ್ಡಿ ನಿಂತರು. ವಿದ್ಯಾರ್ಥಿಗಳು ಕಿಟಕಿಯಿಂದ ಹಾರಿ ಉಳಿದರು. ಅವರ ಕೈಯಲ್ಲಿ ಆಯುಧವಿರಲಿಲ್ಲ. ಎಲ್ಲ ಗುರುಗಳಿಂದಲೂ ಇಂತಹ ತ್ಯಾಗವನ್ನು ಬೇಡುವುದು ಅನ್ಯಾಯ. ಗಟ್ಟಿ ಬೀಗ, ಮುಂಜಾಗ್ರತೆಯ ಎಚ್ಚರಿಕೆ, ನೊಂದ ಮನಸ್ಸುಗಳಿಗೆ ಸಕಾಲದ ಚಿಕಿತ್ಸೆ, ಬಂದೂಕಿನ ಮಾರಾಟದ ಮೇಲೆ ಬಿಗಿಯಾದ ತಪಾಸಣೆ ಇವು ರಾಜ್ಯದ ಕರ್ತವ್ಯಗಳು. ಅವನ್ನು ಮಾಡದೆ ಮಕ್ಕಳ ಕೈಗೆ ಪಿಸ್ತೂಲಿತ್ತು, ನಿಮ್ಮ ಪ್ರಾಣ ನಿಮ್ಮ ಹೊಣೆ ಎನ್ನುವುದು ಅಭಯದಾನವಲ್ಲ, ಭಯದ ಹಂಚಿಕೆ.