ನಿದ್ದೆಯಲ್ಲಿ ಬರುವ ಕಮಿಷನ್ನಿನ ಲೆಕ್ಕ

ಮೈಮುರಿಯದೆ ತಿಂಗಳಿಗಿಷ್ಟು ಹಣ ಬರಬೇಕೆಂಬ ಆಸೆಯನ್ನು ಬೆಂಗಳೂರು ಗ್ರಾಮಾಂತರಕ್ಕೆ ಇಂಟರ್ನೆಟ್ ಕಲಿಸಬೇಕಾಗಿರಲಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಎಷ್ಟೋ ರಾಗಿ ಹೊಲ, ದ್ರಾಕ್ಷಿ ತೋಟಗಳು ಲೇಔಟ್‌ಗಳಾದವು. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ನೆಲಮಂಗಲದ ದಾಬಸ್‌ಪೇಟೆ ಕಡೆ ಕಾರ್ಖಾನೆಯವರಿಗೆಂದೇ ಬಾಡಿಗೆ ಕೋಣೆಗಳು ಸಾಲಾಗಿ ಎದ್ದವು. ಜಮೀನಿದ್ದವರಿಗೆ ಅದೊಂದು ದಾರಿಯಾಯಿತು. ಜಮೀನಿಲ್ಲದ ಮನೆಯ ಹುಡುಗ, ಹುಡುಗಿಯರಿಗೆ ಈಗ ಮೊಬೈಲ್ ಪರದೆಯ ಮೇಲೆ ಇನ್ನೊಂದು ದಾರಿ ತೋರಿಸಲಾಗುತ್ತಿದೆ: ವೆಬ್‌ಸೈಟ್ ಮಾಡಿ, ಲಿಂಕ್ ಹಾಕಿ, ಮಲಗಿದ್ದಾಗಲೂ ಕಮಿಷನ್ ಎಣಿಸಿ.

ಅಫಿಲಿಯೇಟ್ ಎಂಬ ಈ ವ್ಯವಹಾರ ಸುಳ್ಳಲ್ಲ. ಅಮೆಜಾನ್ ಇದನ್ನು 1996ರಲ್ಲೇ ಆರಂಭಿಸಿತ್ತು. ನಿಮ್ಮ ಪುಟದ ಲಿಂಕ್ ಒತ್ತಿ ಹೋದವರು ವಸ್ತು ಕೊಂಡರೆ ನಿಮಗೊಂದು ಪಾಲು. ತಕರಾರು ಇರುವುದು ‘ಮಲಗಿದ್ದಾಗ’ ಎಂಬ ಮಾತಿನ ಬಗ್ಗೆ.

ಸಾವಿರ ರೂಪಾಯಿಯ ವಸ್ತುವಿಗೆ ಶೇ 4ರಂತೆ 40 ರೂಪಾಯಿ ಸಿಗುತ್ತದೆ ಎಂದುಕೊಳ್ಳೋಣ. ತಿಂಗಳಿಗೆ 10,000 ರೂಪಾಯಿ ಬೇಕಾದರೆ 250 ಮಾರಾಟ ಆಗಬೇಕು. ಲಿಂಕ್ ಒತ್ತಿದ ನೂರು ಜನರಲ್ಲಿ ಇಬ್ಬರು ಕೊಂಡರೂ 12,500 ಸಲ ಲಿಂಕ್ ಒತ್ತಬೇಕು. ಓದಿದ ಹತ್ತು ಜನರಲ್ಲಿ ಒಬ್ಬರು ಒತ್ತುತ್ತಾರೆ ಎಂದರೆ ತಿಂಗಳಿಗೆ ಒಂದೂಕಾಲು ಲಕ್ಷ ಓದುಗರು! ಇದೂ ಧಾರಾಳದ ಲೆಕ್ಕವೇ. ಜೊತೆಗೆ ಷರತ್ತುಗಳಿವೆ. ಅಮೆಜಾನ್‌ನಲ್ಲಿ ಲಿಂಕ್ ಒತ್ತಿದವರು ಸಾಮಾನ್ಯವಾಗಿ 24 ಗಂಟೆಯೊಳಗೆ ವಸ್ತುವನ್ನು ಕಾರ್ಟ್‌ಗೆ ಹಾಕಿಕೊಳ್ಳಬೇಕು; ಹೊಸದಾಗಿ ಸೇರಿದವರು 180 ದಿನಗಳಲ್ಲಿ ಮೂರು ಮಾರಾಟವನ್ನಾದರೂ ತರದಿದ್ದರೆ ಖಾತೆಯೇ ಮುಚ್ಚುತ್ತದೆ. ದರವೂ ಸ್ಥಿರವಲ್ಲ. 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ ಶೇ 8ರಿಂದ ಶೇ 3ಕ್ಕೆ ಇಳಿಯಿತು. ಬಾಡಿಗೆದಾರನೇ ಬಾಡಿಗೆ ಗೊತ್ತುಮಾಡುವ ಮನೆ ಇದು.

ಬರೆಯಲು ಪುರುಸೊತ್ತಿಲ್ಲದವರಿಗೆ ಮೊದಲು ಒಂದು ಅಡ್ಡದಾರಿ ಇತ್ತು. ‘ಟಾಪ್ 10 ಮಿಕ್ಸಿ’, ‘ಟಾಪ್ 10 ಫ್ಯಾನ್’ ಎಂದು ಕಂಡಿರದ, ಮುಟ್ಟಿರದ ವಸ್ತುಗಳ ಪಟ್ಟಿ ಕಟ್ಟುವುದು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದು ಆ ಕೆಲಸ ಎಲ್ಲರಿಗೂ ಅಗ್ಗವಾಯಿತು, ಹಾಗಾಗಿ ಬೆಲೆಯನ್ನೂ ಕಳೆದುಕೊಂಡಿತು. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ನೀತಿ ಬಿಗಿ ಮಾಡಿ, ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿ ರಾಶಿ ಹೆರುವ ಪುಟಗಳನ್ನು ಸ್ಪ್ಯಾಮ್ ಎಂದಿತು, ಮನುಷ್ಯ ಬರೆದಿರಲಿ, ಯಂತ್ರ ಬರೆದಿರಲಿ. ಅದೇ ವರ್ಷ ಆಗಸ್ಟ್‌ನಿಂದ ಭಾರತದಲ್ಲೂ ಗೂಗಲ್ ಹುಡುಕಾಟದ ಪುಟದ ತಲೆಯ ಮೇಲೆ ತಾನೇ ಉತ್ತರ ಬರೆದು ಕೊಡತೊಡಗಿತು. ಉತ್ತರ ಅಲ್ಲೇ ಸಿಕ್ಕಿದ ಮೇಲೆ ನಿಮ್ಮ ಪುಟದ ಬಾಗಿಲು ಯಾರು ತಟ್ಟುತ್ತಾರೆ? ಈ ವಿವರಗಳನ್ನು ಕೋರ್ಸ್ ಮಾರುವವರು ಹೇಳುವುದು ಕಡಿಮೆ. ಅವರ ಆದಾಯ ಕೋರ್ಸ್ ಶುಲ್ಕದಿಂದ ಬರುತ್ತದೆ, ಅದಕ್ಕೆ 24 ಗಂಟೆಯ ಗಡುವಿಲ್ಲ.

ಹಾಗಾದರೆ ಸಮಯವಿಲ್ಲದವರಿಗೆ ಇದರಲ್ಲಿ ಜಾಗವೇ ಇಲ್ಲವೇ? ಇದೆ, ಚಿಕ್ಕದು. ಮೊಬೈಲ್ ಫೋನ್ ಬಗ್ಗೆ ಬರೆದರೆ ಮೂರು ತಿಂಗಳಲ್ಲಿ ಬರಹ ಹಳಸುತ್ತದೆ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ತೋಟಕ್ಕೆ ಔಷಧಿ ಹೊಡೆಯುವ ಪಂಪು, ಹನಿ ನೀರಾವರಿಯ ಫಿಲ್ಟರ್ ಇವುಗಳ ವಿಷಯ ಹಾಗಲ್ಲ. ನಾಲ್ಕು ಹಸು ಕಟ್ಟಿರುವ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಹೆಣ್ಣುಮಗಳೊಬ್ಬಳು ಮೇವಿನ ಯಂತ್ರವನ್ನು ವರ್ಷವಿಡೀ ಓಡಿಸಿ, ಬ್ಲೇಡ್ ಯಾವಾಗ ಮೊಂಡಾಯಿತು, ಸಿಂಗಲ್ ಫೇಸ್ ಕರೆಂಟಿಗೆ ಮೋಟರ್ ಹೇಗೆ ಮುಕ್ಕರಿಸಿತು ಎಂದು ಕನ್ನಡದಲ್ಲಿ ಬರೆದರೆ ಅದು ಯಂತ್ರ ಹೆಣೆಯಲಾಗದ ಬರಹ. ತಿಂಗಳಿಗೊಂದು ಸಾಕು, ಹಲವು ವರ್ಷ ಬಾಳುತ್ತದೆ. ಆದರೂ ಇಂಥ ಯಂತ್ರವನ್ನು ನಮ್ಮ ಜನ ಪುಟದಲ್ಲಿ ಓದಿಕೊಂಡು, ರಿಪೇರಿಗೆ ಹತ್ತಿರವೆಂದು ಊರಿನ ಅಂಗಡಿಯಲ್ಲೇ ಕೊಳ್ಳುತ್ತಾರೆ. ಆ ಮಾರಾಟದಲ್ಲಿ ಬರೆದವಳಿಗೆ ಕಮಿಷನ್ ಇಲ್ಲ. ಇದನ್ನು ಕೈಖರ್ಚಿನ ಹಣವೆಂದು ನೋಡಬಹುದೇ ಹೊರತು ಸಂಬಳವೆಂದಲ್ಲ.

ಇನ್ನೊಂದು ಮಾತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಶಿಫಾರಸಿನಿಂದ ಲಾಭವಿದ್ದರೆ ಅದನ್ನು ಎದ್ದು ಕಾಣುವಂತೆ, ಶಿಫಾರಸು ಮಾಡಿದ ಭಾಷೆಯಲ್ಲೇ ಹೇಳಬೇಕು. ವಿವರಣೆಯೆಲ್ಲ ಕನ್ನಡದಲ್ಲಿ ಕೊಟ್ಟು, ಕಮಿಷನ್ನಿನ ಸಂಗತಿಯನ್ನು ಮಾತ್ರ ತಳದಲ್ಲಿ ಇಂಗ್ಲಿಷಿನಲ್ಲಿ ಇರುವೆಯಂಥ ಸಣ್ಣ ಅಕ್ಷರದಲ್ಲಿ ಹಾಕುವುದು ನಿಯಮಕ್ಕೂ ವಿರುದ್ಧ, ಓದುಗನಿಗೂ ಮೋಸ.

ನನಗೆ ಹೆಚ್ಚು ವಿಚಿತ್ರವೆನಿಸುವುದು ಬೇರೆಯದು. ದೊಡ್ಡಬಳ್ಳಾಪುರದ ಮಗ್ಗದ ಸೀರೆ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತ ಇರುವ ತಾಲ್ಲೂಕುಗಳಲ್ಲಿ ಕೂತು ಎಲ್ಲಿಯದೋ ಇಯರ್‌ಫೋನಿಗೆ ಶೇ 4ರ ಆಸೆಯಿಂದ ಲಿಂಕ್ ಹಾಕುವುದು. ಹೊಸಕೋಟೆಯ ಬೆಳಗಿನ ಜಾವದ ಬಿರಿಯಾನಿಯ ಹೆಸರು ದೂರ ಹಬ್ಬಿದ್ದರಲ್ಲಿ ವಿಡಿಯೊಗಳ ಪಾಲು ದೊಡ್ಡದು. ಆ ಮಾರಾಟದ ಹಣ ಹೊಸಕೋಟೆಯಲ್ಲೇ ಉಳಿಯಿತು. ಕೂಲಿಗೆ ನೇಯುವವನಿಗೆ ಸೀರೆ ಸ್ವಂತದ್ದಲ್ಲ, ನಿಜ. ಸ್ವಂತ ಸರಕು ಮಾರುವ ಮಾತು ಅವನಿಗೆ ಅನ್ವಯಿಸದು. ಆದರೆ ಸ್ವಂತ ಮಗ್ಗಕ್ಕೆ ಸ್ವಂತ ನೂಲು ಹಾಕುವ ಮನೆ, ಹಿತ್ತಲಲ್ಲಿ ಚಕ್ಕೋತದ ಮರವಿರುವ ಮನೆ ವಾರಕ್ಕೊಂದು ಗಂಟೆ ಬಿಡುವು ಮಾಡಿಕೊಂಡರೆ, ಅದನ್ನು ಮೊದಲು ತನ್ನ ಸರಕಿನ ನಾಲ್ಕು ಒಳ್ಳೆಯ ಫೋಟೊ, ಬೆಲೆ, ವಿಳಾಸವಿರುವ ಪುಟಕ್ಕೆ ಕೊಡಲಿ. ಅಲ್ಲಿ ಎಷ್ಟು ಪಾಲು ಎಂದು ಗೊತ್ತುಮಾಡುವವರು ಅವರೇ.