ಡ್ಯೂಟಿ ಮುಗಿದ ಮೇಲೆ – 14: ಮೈಯೊಳಗಿನ ಮಾರ್ಫಿನ್ ಸಾಕಾ?

ಹೋದ ಪೋಸ್ಟಿಗೆ ಊರಿಂದ ಬಂದ ಮೆಸೇಜುಗಳಲ್ಲಿ ಮೂರ್ನಾಲ್ಕು ಒಂದೇ ಥರ ಇದ್ದವು. "ಕ್ಯಾನ್ಸರ್ ನೋವಿಗೆ ಡಾಕ್ಟ್ರು ಮಾರ್ಫಿನ್ ಬರೆದಿದ್ದಾರೆ, ಕೊಡಬಹುದಾ? ಚಟ ಆಗಿಬಿಟ್ಟರೆ?" ಅದಕ್ಕೆ ಯಾರೋ ಒಬ್ಬರು, "ಮೈಯಲ್ಲೇ ಎಂಡಾರ್ಫಿನ್ ಇದೆಯಲ್ಲ, ಪ್ರಾಣಾಯಾಮ ಮಾಡ್ಸಿ ಸಾಕು" ಅಂತ ಬುದ್ಧಿ ಹೇಳಿದ್ದರಂತೆ.

ಇದೆ, ಸುಳ್ಳಲ್ಲ. ಆದರೆ ಅದು ತಯಾರಾಗೋ ರೀತಿ ನೋಡಿದರೆ "ಸಾಕು" ಅನ್ನೋಕೆ ಆಗಲ್ಲ. ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿಯಲ್ಲಿ ಮೊದಲು ಪಿಒಎಂಸಿ ಅನ್ನೋ ಉದ್ದನೆಯ ಪ್ರೋಟೀನ್ ತಯಾರಾಗುತ್ತೆ. ಅದರಿಂದ ನೋವು ಕಡಿಮೆ ಆಗಲ್ಲ. ಇಡೀ ಹಲಸಿನಹಣ್ಣು ಮುಂದಿಟ್ಟರೆ ಹೊಟ್ಟೆ ತುಂಬುತ್ತಾ? ಬಿಡಿಸಬೇಕು. ಆ ಕೆಲಸ ಪ್ರೋಹಾರ್ಮೋನ್ ಕನ್ವರ್ಟೇಸ್ ಅನ್ನೋ ಕಿಣ್ವಗಳದ್ದು. ಗೊತ್ತಾದ ಜಾಗದಲ್ಲೇ ಕತ್ತರಿಸಿ, ಒಂದು ತುಂಡಿನಿಂದ ಎಸಿಟಿಎಚ್ ಹಾರ್ಮೋನ್, ಇನ್ನೊಂದರಿಂದ 31 ಅಮೈನೋ ಆಮ್ಲಗಳ ಬೀಟಾ ಎಂಡಾರ್ಫಿನ್ ಬಿಡಿಸುತ್ತವೆ. ಮೆದುಳು, ಬೆನ್ನುಹುರಿ, ಅಡ್ರಿನಲ್ ಗ್ರಂಥಿಗಳಲ್ಲಿ ಎನ್ಕೆಫಾಲಿನ್ ಕೂಡ ಹೀಗೇ ಬೇರೊಂದು ದೊಡ್ಡ ಪ್ರೋಟೀನಿನಿಂದ ಬರುತ್ತೆ. ಅದರಲ್ಲಿರೋದು ಐದೇ ಅಮೈನೋ ಆಮ್ಲ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ಅದನ್ನು ಹಂದಿ ಮೆದುಳಿನಲ್ಲಿ ಗುರುತಿಸಿದರು.

ಆದರೆ ಎನ್ಕೆಫಾಲಿನ್ ಹೊರಗೆ ಬಂದ ಕೂಡಲೇ ಬೇರೆ ಕಿಣ್ವಗಳು ಅದನ್ನು ಒಡೆದು ಹಾಕುತ್ತವೆ. ಎಡವಿದ ಕಾಲಿಗೆ, ಹೆರಿಗೆಯ ಹೊತ್ತಿಗೆ ಈ ಏರ್ಪಾಡಿನಿಂದ ಒಂದಿಷ್ಟು ಸಹಾಯ ಆಗುತ್ತೆ. ಮೂಳೆಗೆ ಹಬ್ಬಿದ ಕ್ಯಾನ್ಸರ್ ಹಗಲು ರಾತ್ರಿ ಕೊರೆಯುವಾಗ ಅದನ್ನೇ ನಂಬಿ ಕೂರೋದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಪ್ರಾಣಾಯಾಮ ಮಾಡಿಸಿ, ಬೇಡ ಅನ್ನಲ್ಲ, ಮಾತ್ರೆ ಜೊತೆಗೆ. ಮಾರ್ಫಿನ್ ಕೂತುಕೊಳ್ಳೋದೂ ಎಂಡಾರ್ಫಿನ್ ಕೂರೋ ಅದೇ ರಿಸೆಪ್ಟರ್‌ಗಳ ಮೇಲೆ.

ಚಟದ ಮಾತು. ಕೆಲವು ವಾರ ತಗೊಂಡ ಮೇಲೆ ಮೈ ಅದಕ್ಕೆ ಹೊಂದಿಕೊಳ್ಳುತ್ತೆ, ಅದಕ್ಕೇ ದಿಢೀರ್ ಅಂತ ನಿಲ್ಲಿಸಬಾರದು. ಅದನ್ನು ಚಟ ಅನ್ನಲ್ಲ. ನಮ್ಮಲ್ಲಿ ಭಯಕ್ಕೆ ಕಾನೂನೂ ಒಂದು ಕಾರಣ. 1985ರ ಎನ್‌ಡಿಪಿಎಸ್ ಕಾಯ್ದೆಯಿಂದಾಗಿ ಆಸ್ಪತ್ರೆಗಳೇ ಮಾರ್ಫಿನ್ ಇಡೋಕೆ ಹಿಂಜರಿದವು. 2014ರ ತಿದ್ದುಪಡಿ ಅದನ್ನು ಸಡಿಲ ಮಾಡಿದೆ.

ಇಲ್ಲಿ ವಾರ್ಡಿನಲ್ಲಿ ನೋವು ಹತ್ತಕ್ಕೆ ಎಷ್ಟು ಅಂತ ಕೇಳ್ತೀವಿ. ನಮ್ಮ ಅಜ್ಜಿಯರು "ಪರವಾಗಿಲ್ಲ ಕಣಮ್ಮ" ಅಂತಾರೆ. ಅದನ್ನು ನಂಬಬೇಡಿ, ಮಗ್ಗುಲು ಬದಲಿಸುವಾಗ ಮುಖ ನೋಡಿ.

ಕೊಡೋಕೆ ಶುರು ಮಾಡಿದ ದಿನದಿಂದಲೇ ಮಲಬದ್ಧತೆಗೂ ಔಷಧಿ ಬರೆಸಿಕೊಳ್ಳಿ, ಅದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತೆ. ಡಾಕ್ಟ್ರು ಹೇಳಿದ ಹೊತ್ತಿಗೇ ಕೊಡಿ, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನ ಅನಿಸಿದರೆ ಮುಂದಿನ ಡೋಸ್ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.